ಫಸ್ಟ್ ನೇಮ್: ಅಪ್ಪ

ನಾನು ಕೆಲಸ ಮಾಡುವ ಕಂಪನಿಯಲ್ಲಿ ಸುಮಾರು ಹತ್ತು ವರ್ಷ ಎಲ್ಲರೂ ನನ್ನನ್ನು ನಮ್ಮಪ್ಪನ ಹೆಸರಿನಿಂದ ಕರೆದರು. ಕರೆದವರ ತಪ್ಪಲ್ಲ. ಕೆಲಸಕ್ಕೆ ಸೇರಿದ ದಿನ ಕೊಟ್ಟ ಫಾರಂನಲ್ಲಿ ಫಸ್ಟ್ ನೇಮ್, ಲಾಸ್ಟ್ ನೇಮ್ ಅಂತ ಎರಡು ಖಾನೆ ಇದ್ದವು, ಎರಡರ ಪಕ್ಕದಲ್ಲೂ ಕೆಂಪು ನಕ್ಷತ್ರ. ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿರುವುದು ಎರಡು ಇನಿಶಿಯಲ್, ಆಮೇಲೆ ಹೆಸರು. ಮೊದಲನೇ ಇನಿಶಿಯಲ್ಲು ಊರಿನದ್ದು, ಎರಡನೆಯದು ಅಪ್ಪನದ್ದು. ನಮ್ಮ ಕಡೆ ಅರ್ಧಕ್ಕರ್ಧ ಜನರ ಹೆಸರು ಹೀಗೇ ಇರೋದು. ಎಚ್‌ಆರ್ ಹುಡುಗಿ ಉತ್ತರ ಭಾರತದವಳು, ಪಾಪ, ಇನಿಶಿಯಲ್ ಬಿಡಿಸಿ ಬರೆಯಿರಿ ಅಂದಳು. ಬಿಡಿಸಿದೆ. ಊರಿನ ಹೆಸರು ಬಹಳ ಉದ್ದವಾಯಿತು, ಅದನ್ನು ಇನಿಶಿಯಲ್ಸ್ ಅನ್ನುವ ಸಣ್ಣ ಖಾನೆಗೆ ತಳ್ಳಿದಳು. ಉಳಿದದ್ದು ಎರಡು. ಮೊದಲು ಬಂದದ್ದು ಅಪ್ಪನ ಹೆಸರು, ಅದು ಫಸ್ಟ್ ನೇಮ್. ಕೊನೆಗೆ ಬಂದದ್ದು ನನ್ನದು, ಅದು ಲಾಸ್ಟ್ ನೇಮ್. ಆ ಇನಿಶಿಯಲ್ಸ್ ಖಾನೆ ಆರು ಅಕ್ಷರಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಹಾಗಾಗಿ ನಮ್ಮೂರು ಅಲ್ಲಿ ಇಂಗ್ಲಿಷಿನ ಆರಕ್ಷರಕ್ಕೆ ಕತ್ತರಿಸಿಕೊಂಡು ಕೂತಿತು.

ಮೊದಮೊದಲು ತಮಾಷೆಯಾಗಿತ್ತು. ಅಮೆರಿಕದಿಂದ ಬರುವ ಮೇಲ್‌ಗಳೆಲ್ಲ ಹಾಯ್ ಅಂದು ಅಪ್ಪನನ್ನೇ ಮಾತಾಡಿಸುತ್ತಿದ್ದವು. ಒಂದೆರಡು ಸಲ ತಿದ್ದಿದೆ. ಆಮೇಲೆ ಬಿಟ್ಟೆ. ಇಲ್ಲಿ ಅಪ್ಪನ ಹೆಸರು ಬರೆಯುತ್ತಿಲ್ಲ, ಅದಕ್ಕೆ ಕಾರಣ ಮುಂದೆ ಗೊತ್ತಾಗುತ್ತದೆ. ನನ್ನ ಹೆಸರನ್ನೂ ಬರೆಯುತ್ತಿಲ್ಲ, ಅದಿಲ್ಲದೆಯೂ ಕತೆ ನಡೆಯುತ್ತದೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗುವ ಹೊತ್ತಿಗೆ ಬೆಂಗಳೂರಿನ ರೂಮು ಖಾಲಿ ಮಾಡಿ ಊರಿಗೆ ಹೋಗಿಬಿಟ್ಟೆ. ನಮ್ಮದು ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆ ಹೋಗುವ ರಸ್ತೆ ಬಿಟ್ಟು ಒಳಗೆ. ಹೊಗೆಸೊಪ್ಪಿನ ಸೀಮೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಮಳೆಗಾಲದಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೆ ಹೊಲದ ಮಧ್ಯೆ ಕಿಟಕಿಯೇ ಇಲ್ಲದ ಎತ್ತರದ ಕಟ್ಟಡಗಳು ಕಾಣುತ್ತವಲ್ಲ, ಅವೇ ಬ್ಯಾರನ್ನು. ಸೊಪ್ಪು ಕೊಯ್ದು, ಕಡ್ಡಿಗೆ ಕಟ್ಟಿ, ಒಳಗೆ ಸಾಲುಸಾಲಾಗಿ ಏರಿಸಿ, ಹೊರಗಿನಿಂದ ಸೌದೆ ಉರಿಸಿ ಬೇಯಿಸುವುದು. ಐದಾರು ದಿನ ಹಗಲೂ ರಾತ್ರಿ ಉರಿ ಕಾಯಬೇಕು. ಮೊದಲು ಹದವಾದ ಬಿಸಿಯಲ್ಲಿ ಎಲೆ ಹಳದಿಯಾಗಬೇಕು, ಆಮೇಲೆ ಮೆಲ್ಲಗೆ ಏರಿಸುತ್ತಾ ಏರಿಸುತ್ತಾ ಕೊನೆಗೆ ಥರ್ಮಾಮೀಟರು ಫ್ಯಾರನ್‌ಹೀಟಿನಲ್ಲಿ 160ರ ಹತ್ತಿರ ನಿಲ್ಲಬೇಕು. ನಿದ್ದೆ ಬಂದು ಉರಿ ಹೆಚ್ಚು ಕಡಿಮೆ ಆಯಿತೋ, ಎಲೆಯ ಬಣ್ಣ ಕೆಟ್ಟಿತು. ಬಣ್ಣ ಕೆಟ್ಟರೆ ಹರಾಜಿನಲ್ಲಿ ರೇಟು ಹೋಯಿತು.

ನಮ್ಮ ಬ್ಯಾರನ್ ಇರುವುದು ದಿಣ್ಣೆಯ ಮೇಲೆ. ಮನೆಯಲ್ಲಿ ಸಿಗದ ಸಿಗ್ನಲ್ಲು ಅಲ್ಲಿ ಸಿಗುತ್ತಿತ್ತು. ಆ ವರ್ಷ ಆಗಸ್ಟು, ಸೆಪ್ಟೆಂಬರು ಪೂರ್ತಿ ನಾನೂ ಅಪ್ಪನೂ ಒಟ್ಟಿಗೆ ನೈಟ್ ಶಿಫ್ಟು ಮಾಡಿದೆವು. ಅಪ್ಪ ಒಲೆಯ ಬಾಯಿ ಹತ್ತಿರ ಗೋಣಿಚೀಲ ಹಾಸಿಕೊಂಡು, ನಾನು ಹತ್ತು ಹೆಜ್ಜೆ ಆಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು. ಅಮೆರಿಕದ ಟೀಮಿನ ಜೊತೆ ಮೀಟಿಂಗು ರಾತ್ರಿ ಒಂಬತ್ತೂವರೆಗೆ. ಒಂದು ದಿನ ಹೆಡ್‌ಸೆಟ್ ಕೈಕೊಟ್ಟಿತು, ಸ್ಪೀಕರ್ ಹಾಕಿಕೊಂಡಿದ್ದೆ. ನೆಟ್‌ವರ್ಕ್ ನಿಂತು ನಿಂತು ಬರುತ್ತಿತ್ತು. ಮ್ಯಾನೇಜರು ಅತ್ತಲಿಂದ ಅಪ್ಪನ ಹೆಸರು ಹಿಡಿದು, ಕೇಳಿಸ್ತಿದೆಯಾ, ಇದ್ದೀಯಾ ಅಂತ ಎರಡು ಸಲ ಜೋರಾಗಿ ಕೂಗಿದ.

ಒಲೆ ಹತ್ತಿರದಿಂದ ಅಪ್ಪ, 'ಹ್ಞಾ, ಇದ್ದೀನಿ, ಹೇಳಿ' ಅಂದರು.

ಮೈಕ್ ಆನ್ ಇತ್ತು. ಅಲ್ಲಿ ಏಳೆಂಟು ಜನ. ಯಾರಿಗೂ ಏನೂ ಅರ್ಥವಾಗಲಿಲ್ಲ, ಸದ್ಯ. ಕಾಪಿ ತಂದಿದ್ದ ಅವ್ವ ಮಾತ್ರ ಲೋಟ ಹಿಡಿದುಕೊಂಡು ನಿಂತುಬಿಟ್ಟಳು. ಮೀಟಿಂಗ್ ಮುಗಿದ ತಕ್ಷಣ ಶುರು: 'ಅದ್ಯಾರ್ಲಾ ಅವ್ನು, ನಿಮ್ಮಪ್ಪುನ್ನ ಹೆಸ್ರಿಡ್ದು ಕೂಗೋನು? ವಯಸ್ಸೆಷ್ಟ್ಲಾ ಅವ್ನಿಗೆ?'

ಅವ್ವ ಜೀವಮಾನದಲ್ಲಿ ಅಪ್ಪನ ಹೆಸರು ಹೇಳಿದ್ದು ನಾನು ಕೇಳಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ನನ್ನ ಕಡೆ ತಿರುಗಿ 'ಹೇಳ್ಲಾ' ಅನ್ನುತ್ತಿದ್ದಳು. ಊರಲ್ಲಿ ಅದೇ ಹೆಸರಿನ ಇನ್ನೊಬ್ಬರಿದ್ದಾರೆ, ಅವರನ್ನೂ ಹೆಸರಿನಿಂದ ಕರೆಯದೆ ಮೂಲೆಮನೆಯವ್ರು ಅನ್ನುತ್ತಾಳೆ. ಅಂಥವಳ ಎದುರು ನಲವತ್ತರ ಒಬ್ಬ ಗಂಡಸು ಗಂಡನ ಹೆಸರನ್ನು ನಡುರಾತ್ರಿ ಹೊಲದಲ್ಲಿ ಕೂಗಿದ್ದ. ನಾನು ಫಸ್ಟ್ ನೇಮ್, ಲಾಸ್ಟ್ ನೇಮ್ ಅಂತ ವಿವರಿಸಲು ಹೋದೆ. ಅಪ್ಪ ಸೌದೆ ತಳ್ಳುತ್ತಾ ನಕ್ಕರು. 'ನನ್ ಹೆಸ್ರಲ್ ಸಂಬ್ಳ ಕೊಡ್ತಾವ್ರೆ ಅಂದ್ಮೇಕೆ ಅರ್ಧ ನಂಗೆ ಬರ್ಬೇಕಲ್ಲ ಮಗ, ಅದೆಲ್ಲೋಯ್ತು?'

ಎರಡು ವರ್ಷ ಕಳೆದು ಅಪ್ಪ ಹೋದರು. ತಿಥಿ ಮುಗಿಸಿ ಕೆಲಸಕ್ಕೆ ಹಿಂದಿರುಗಿದ ದಿನ ಸಂಜೆ ಅದೇ ಮ್ಯಾನೇಜರು ಕಾಲ್ ಮಾಡಿದ. ಒಳ್ಳೆಯ ಮನುಷ್ಯ, ಮನಸ್ಸಿಟ್ಟೇ ಮಾತಾಡಿದ. ನನ್ನನ್ನು ಅಪ್ಪನ ಹೆಸರಿನಿಂದ ಕರೆದು, ನಿನ್ನ ತಂದೆ ತೀರಿಕೊಂಡ ವಿಷಯ ಕೇಳಿ ತುಂಬಾ ಬೇಜಾರಾಯಿತು ಅಂದ. ನಾನು ಥ್ಯಾಂಕ್ಸ್ ಅಂದೆ. ಏನನ್ನಬೇಕಿತ್ತು ಅಂತ ಈಗಲೂ ಗೊತ್ತಿಲ್ಲ.

ಅದರ ಮರುವರ್ಷ, 2023ರಲ್ಲಿ, ಕಂಪನಿಯ ಎಂಪ್ಲಾಯಿ ಡೈರೆಕ್ಟರಿಯನ್ನು ಹೊಸದಾಗಿ ಕಟ್ಟುವ ಕೆಲಸ ನಮ್ಮ ಟೀಮಿಗೆ ಬಂತು. ಇಂಟ್ರಾನೆಟ್‌ನಲ್ಲಿ ಹೆಸರು ಹೊಡೆದರೆ ಫೋಟೋ, ಹುದ್ದೆ, ಫೋನ್ ನಂಬರು, ಯಾರ ಕೈಕೆಳಗೆ ಕೆಲಸ ಅನ್ನುವುದೆಲ್ಲ ಬರುತ್ತದಲ್ಲ, ಅದು. ಹಳೆಯದರಲ್ಲಿ ಎಲ್ಲರ ಪುಟವೂ ಒಂದೇ ಅಚ್ಚು. ಹೊಸದರಲ್ಲಿ ಪ್ರತಿಯೊಬ್ಬರಿಗೂ ಅವರೇ ತುಂಬಿಕೊಳ್ಳುವ ಕಸ್ಟಮ್ ಪ್ರೊಫೈಲ್ ಪುಟ. ಇಂಥ ಕೆಲಸ ಯಾರಿಗೂ ಬೇಡ. ಇದರಿಂದ ಪ್ರಮೋಷನ್ ಬರಲ್ಲ. ನಾನು ಮಾತ್ರ ಕೈ ಎತ್ತಿದೆ.

ಒಳಗೆ ಕೈಹಾಕಿದ ಮೇಲೆ ತಿಳಿದದ್ದು, ಹೆಸರಿನ ಈ ಗೋಜಲು ನಮ್ಮ ಕಂಪನಿ ಹುಟ್ಟುವ ಮುಂಚಿನದ್ದು. ಡೈರೆಕ್ಟರಿಗಳ ಮೂಲ ಎಕ್ಸ್.500 ಅನ್ನುವ ಸ್ಟ್ಯಾಂಡರ್ಡು, 1988ರದ್ದು. ಮಾಡಿದವರು ಟೆಲಿಫೋನ್, ಟೆಲಿಗ್ರಾಫ್ ಲೋಕದ ಅಂತರರಾಷ್ಟ್ರೀಯ ಸಮಿತಿಯವರು. ಅದು ಬಹಳ ಭಾರ ಅಂತ 1993ರ ಹೊತ್ತಿಗೆ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಹಗುರ ಮಾಡಿ ಎಲ್‌ಡ್ಯಾಪ್ ಮಾಡಿದರು. ಇವತ್ತು ನಾವು ಆಫೀಸಿನಲ್ಲಿ ಲಾಗಿನ್ ಆಗುವಾಗ ಹಿಂದೆ ಕೂತಿರುವುದು ಬಹುಪಾಲು ಅದೇ ಅಥವಾ ಅದರ ಸಂತಾನ. ಅದರಲ್ಲಿ 'ಪರ್ಸನ್' ಅನ್ನುವ ನಮೂನೆ ಒಂದಿದೆ. ಆ ನಮೂನೆಯ ಪ್ರಕಾರ ಮನುಷ್ಯ ಅನ್ನಿಸಿಕೊಳ್ಳಲು ಕಡ್ಡಾಯವಾಗಿ ಇರಲೇಬೇಕಾದದ್ದು ಎರಡೇ: ಸಿಎನ್, ಅಂದರೆ ಕಾಮನ್ ನೇಮ್, ಮತ್ತು ಎಸ್‌ಎನ್, ಅಂದರೆ ಸರ್‌ನೇಮ್. ಫೋನ್ ನಂಬರ್ ಇಲ್ಲದಿದ್ದರೂ ನಡೆಯುತ್ತದೆ, ಪಾಸ್‌ವರ್ಡ್ ಇಲ್ಲದಿದ್ದರೂ ನಡೆಯುತ್ತದೆ. ಮನೆತನದ ಹೆಸರು ಇಲ್ಲದಿದ್ದರೆ ನೀನು ಮನುಷ್ಯನೇ ಅಲ್ಲ.

ಒಂದೇ ಹೆಸರಿರುವವರ ಪಾಡು ಇನ್ನೂ ಮಜಾ. ಹಳೆಯ ಡೇಟಾ ತೆಗೆದು ನೋಡಿದರೆ ಕೆಲವರ ಲಾಸ್ಟ್ ನೇಮ್ ಜಾಗದಲ್ಲಿ ಬರೀ ಒಂದು ಚುಕ್ಕಿ. ಕೆಲವರಿಗೆ ಅದೇ ಹೆಸರು ಎರಡೆರಡು ಸಲ, ಕೂಗಿ ಕರೆದ ಹಾಗೆ. ಒಬ್ಬರಿಗೆ ಫಸ್ಟ್ ನೇಮ್ ಎಫ್‌ಎನ್‌ಯು ಅಂತಲೇ ಇತ್ತು. ಅಮೆರಿಕದ ವೀಸಾದಲ್ಲಿ ಮೊದಲ ಹೆಸರು ಗೊತ್ತಿಲ್ಲದಿದ್ದರೆ ಹಾಗೆ ಹಾಕುತ್ತಾರೆ. ಅದನ್ನು ನೋಡಿದ ಯಾರೋ ಪುಣ್ಯಾತ್ಮರು ಅದೇ ಹೆಸರು ಅಂದುಕೊಂಡು ನಮೂದಿಸಿದ್ದರು. ಪ್ಯಾಟ್ರಿಕ್ ಮೆಕೆನ್ಜಿ ಅನ್ನುವ ಪ್ರೋಗ್ರಾಮರ್ 2010ರಲ್ಲಿ, ಹೆಸರುಗಳ ಬಗ್ಗೆ ನಮ್ಮಂಥವರು ನಂಬಿಕೊಂಡಿರುವ ನಲವತ್ತು ಸುಳ್ಳುಗಳ ಪಟ್ಟಿ ಬರೆದಿದ್ದಾನೆ. ಅವನಾಗ ಜಪಾನಿನಲ್ಲಿದ್ದ, ಅಲ್ಲಿನ ಕಂಪ್ಯೂಟರುಗಳಿಗೆ ಅವನ ಹೆಸರೇ ಹಿಡಿಸುತ್ತಿರಲಿಲ್ಲವಂತೆ. ನಮ್ಮ ಕಡೆಯವರು ಬರೆದಿದ್ದರೆ ಪಟ್ಟಿ ನಲವತ್ತಕ್ಕೆ ನಿಲ್ಲುತ್ತಿರಲಿಲ್ಲ.

ಅದೇ ತಿಂಗಳುಗಳಲ್ಲಿ ಊರಿನಲ್ಲಿ ನಾನು ಇನ್ನೊಂದು ಕೆಲಸಕ್ಕೂ ಓಡಾಡುತ್ತಿದ್ದೆ. ಅಪ್ಪನ ಹೆಸರಿನಲ್ಲಿದ್ದ ಜಮೀನನ್ನು ಅವ್ವನ ಮತ್ತು ನಮ್ಮ ಹೆಸರಿಗೆ ಮಾಡಿಸುವುದು, ಪೌತಿ ಖಾತೆ. ವಂಶವೃಕ್ಷ, ಮರಣ ಪ್ರಮಾಣ ಪತ್ರ, ಪಹಣಿ, ಎಲ್ಲರ ಆಧಾರ್. ಅಪ್ಪನ ಹೆಸರು ಮೂರು ಕಾಗದದಲ್ಲಿ ಮೂರು ಥರ ಇತ್ತು: ಒಂದರಲ್ಲಿ ಕೊನೆಗೆ ಗೌಡ ಇದೆ, ಒಂದರಲ್ಲಿ ಇಲ್ಲ, ಇನ್ನೊಂದರಲ್ಲಿ ಮಧ್ಯದ ಒಂದಕ್ಷರವೇ ಬೇರೆ. ಮೂವರೂ ಒಬ್ಬರೇ ಅಂತ ಅಫಿಡವಿಟ್ಟು. ಶುಕ್ರವಾರ ರಜೆ ಹಾಕಿ ಹೋಗುವುದು, ಸೋಮವಾರ ಬಂದು ಮತ್ತೆ ಡೈರೆಕ್ಟರಿಯ ಮುಂದೆ ಕೂರುವುದು. ಕೆಲವು ಸಲ ಯಾವ ಕೆಲಸ ಯಾವುದು ಅಂತಲೇ ಕಲಸಿಹೋಗುತ್ತಿತ್ತು. ಎರಡರಲ್ಲೂ ಅಪ್ಪನ ಹೆಸರು ಇರಬಾರದ ಕಾಲಂನಲ್ಲಿತ್ತು, ಎರಡರಲ್ಲೂ ನಾನೇ ಅದನ್ನು ತೆಗೆಸಬೇಕಿತ್ತು.

ಆದರೂ ಪಹಣಿಯನ್ನು ಎಂಜಿನಿಯರ್ ಕಣ್ಣಿಂದ ನೋಡಿದಾಗ ಹೊಟ್ಟೆಕಿಚ್ಚಾಯಿತು. 2000ರ ಸುಮಾರಿಗೆ ಕೈಬರಹದ ಪಹಣಿ ಹೋಗಿ 'ಭೂಮಿ' ಬಂತು. ಅದಕ್ಕೆಷ್ಟೋ ಮುಂಚಿನಿಂದಲೂ ಕಂದಾಯದವರು ಹೆಸರನ್ನು ಬರೆಯುವ ಕ್ರಮ ಒಂದಿದೆ. ಇಂಥವರು 'ಬಿನ್' ಇಂಥವರು, ಅಂದರೆ ಇಂಥವರ ಮಗ. ಹೆಂಗಸರಾದರೆ 'ಕೋಂ', ಇಂಥವರ ಹೆಂಡತಿ. ಎಲ್ಲಿಯ ಅರಬ್ಬಿಯ ಬಿನ್, ಎಲ್ಲಿಯ ಪಿರಿಯಾಪಟ್ಟಣ! ಆದರೆ ಆ ಎರಡಕ್ಷರ ಇರುವುದರಿಂದ ಅಪ್ಪ ಯಾರು, ಮಗ ಯಾರು ಅಂತ ಯಾರಿಗೂ ಗೊಂದಲವಿಲ್ಲ. ನಮ್ಮ ತಾಲ್ಲೂಕು ಕಚೇರಿಯ ಗುಮಾಸ್ತರಿಗೆ ಗೊತ್ತಿದ್ದದ್ದು ಜಗತ್ತಿನ ಸ್ಟ್ಯಾಂಡರ್ಡ್ ಸಮಿತಿಗೆ ಹೊಳೆಯಲಿಲ್ಲ.

ಇನ್ನು ಕಾಲಂ ಅಂದರೆ ನಮ್ಮ ಕಡೆ ಹುಡುಗಾಟವಲ್ಲ. ಪಹಣಿಯ 9ನೇ ಕಾಲಂನಲ್ಲಿ ಒಡೆಯನ ಹೆಸರು, 12ರಲ್ಲಿ ಸಾಗುವಳಿಯ ವಿವರ. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ, ಗೇಣಿ ಮಾಡುತ್ತಿದ್ದೇನೆ ಅಂತ ಫಾರಂ 7 ಕೊಟ್ಟವರಿಗೆ ಟ್ರಿಬ್ಯುನಲ್ಲಿನಲ್ಲಿ ಆಸರೆಯಾದದ್ದು ಇಂಥ ಕಾಲಂಗಳೇ. ಆಗ ಮುಖ್ಯಮಂತ್ರಿ ನಮ್ಮ ಪಕ್ಕದವರೇ, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು. ಎಷ್ಟೋ ಮನೆಗಳಲ್ಲಿ ಇವತ್ತಿಗೂ ಗೋಡೆಯ ಮೇಲೆ ದೇವರ ಫೋಟೋಗಳ ಪಕ್ಕ ಅವರ ಫೋಟೋ ಇದೆ. ಕಾಲಂನಲ್ಲಿ ಹೆಸರಿದ್ದವನ ಮೊಮ್ಮಕ್ಕಳು ಒಂದು ದಾರಿ ಹಿಡಿದರು, ಇಲ್ಲದವನ ಮೊಮ್ಮಕ್ಕಳು ಇನ್ನೊಂದು ದಾರಿ. ಈ ಮಾತು ನನಗೆ ಬಾಯಿಪಾಠವಾಗಿತ್ತು, ಯಾವ ವೇದಿಕೆಯಲ್ಲಾದರೂ ಹೇಳಬಲ್ಲವನಾಗಿದ್ದೆ. ಆದರೆ ನಾನೇ ಒಂದು ಕಾಲಂ ಮಾಡಿ ನಕ್ಷತ್ರ ಹಾಕಿದಾಗ ನೆನಪಿಗೆ ಬರಲಿಲ್ಲ.

ಹೊಸ ಪ್ರೊಫೈಲ್ ಪುಟಕ್ಕೆ ಏನೇನು ಫೀಲ್ಡ್ ಬೇಕು ಅಂತ ಪಟ್ಟಿ ಮಾಡುವಾಗ ನಾನು ಹಟ ಹಿಡಿದು ಸೇರಿಸಿದ್ದು ಮೂರು. ಒಂದು, 'ನನ್ನನ್ನು ಹೀಗೆ ಕರೆಯಿರಿ'. ಎರಡು, ಹೆಸರನ್ನು ಅವರವರ ಲಿಪಿಯಲ್ಲಿ ಬರೆದುಕೊಳ್ಳುವ ಜಾಗ. ಮೂರು, 'ಊರು'. ಹೋಮ್‌ಟೌನ್ ಅಂತ ಲೇಬಲ್ಲು.

ಎರಡನೆಯದು ಕೊಟ್ಟ ಕಾಟ ಅಷ್ಟಿಷ್ಟಲ್ಲ. ಫೋಟೋ ಹಾಕದವರಿಗೆ ಹೆಸರಿನ ಮೊದಲಕ್ಷರವನ್ನು ಬಣ್ಣದ ಗುಂಡಿಯಲ್ಲಿ ತೋರಿಸುವ ಕೋಡ್ ಇತ್ತು. ಇಂಗ್ಲಿಷಿನಲ್ಲಿ ಮೊದಲಕ್ಷರ ಅಂದರೆ ಒಂದೇ ಕ್ಯಾರೆಕ್ಟರು. ಕನ್ನಡದಲ್ಲಿ ಶ್ರೀ ಅನ್ನುವುದು ಕಣ್ಣಿಗೆ ಒಂದಕ್ಷರ, ಯೂನಿಕೋಡಿನಲ್ಲಿ ನಾಲ್ಕು ತುಂಡು. ಶ್ರೀನಿವಾಸ, ಶ್ರೀಧರ, ಶ್ರೀದೇವಿ ಎಲ್ಲರೂ ಬರೀ 'ಶ' ಆಗಿ ಕೂತರು. ಕೃಷ್ಣ 'ಕ' ಆದ. ಓಕಾರವನ್ನು ಕೆಲವು ಕೀಬೋರ್ಡು ಒಂದೇ ಸಂಕೇತವಾಗಿ ಕಳಿಸುತ್ತದೆ, ಕೆಲವು ಒಕಾರಕ್ಕೆ ದೀರ್ಘ ಸೇರಿಸಿ ಎರಡಾಗಿ ಕಳಿಸುತ್ತದೆ. ನೋಡಲು ಒಂದೇ, ಹುಡುಕಿದರೆ ಸಿಗುವುದಿಲ್ಲ. ಒಂದು ವಾರ ಇದೇ ಆಯಿತು. ಆದರೆ ಪರದೆಯ ಮೇಲೆ ನನ್ನ ಹೆಸರು ಕನ್ನಡದಲ್ಲಿ ನೆಟ್ಟಗೆ ನಿಂತ ದಿನ ಸುಮ್ಮನೆ ಐದು ನಿಮಿಷ ನೋಡುತ್ತಾ ಕೂತಿದ್ದೆ.

ಊರಿನ ಫೀಲ್ಡಿನಲ್ಲಿ ಮೊದಲು ಬರೆಯಲು ಬಿಟ್ಟೆವು, ಆಮೇಲೆ ಪಟ್ಟಿಯಿಂದ ಆರಿಸುವ ಡ್ರಾಪ್‌ಡೌನ್ ಮಾಡಿದೆವು. ಯಾಕೆಂದರೆ ಪರೀಕ್ಷೆಗೆ ಬಿಟ್ಟ ಮೊದಲ ವಾರದಲ್ಲೇ ಹುಣಸೂರು ಮೂರು ಸ್ಪೆಲ್ಲಿಂಗಿನಲ್ಲಿ ಬಂತು. ಪಿರಿಯಾಪಟ್ಟಣವೋ ಪೆರಿಯಾಪಟ್ಟಣವೋ ಅಂತ ಅಲ್ಲಿಯವರಿಗೇ ಒಮ್ಮತವಿಲ್ಲ. ಕೆ.ಆರ್. ನಗರ ಅಂದರೆ ಬೆಂಗಳೂರಿನವರು ಕೆ.ಆರ್. ಪುರ ಅಂದುಕೊಳ್ಳುತ್ತಾರೆ, ನಮ್ಮ ಅಜ್ಜಿಯ ಕಾಲದವರು ಇನ್ನೂ ಎಡತೊರೆ ಅನ್ನುತ್ತಾರೆ. ಹೆಗ್ಗಡದೇವನಕೋಟೆಯನ್ನು ಇಂಗ್ಲಿಷಿನಲ್ಲಿ ಪೂರ್ತಿ ಬರೆದರೆ ಮೊಬೈಲ್ ಪರದೆಯಲ್ಲಿ ಎರಡು ಸಾಲಿಗೆ ಹರಿಯುತ್ತದೆ. ಸರಗೂರು, ಸಾಲಿಗ್ರಾಮ ಈಗ ಬೇರೆ ತಾಲ್ಲೂಕು, ನಮ್ಮ ಪಟ್ಟಿಯಲ್ಲಿ ಇರಲಿಲ್ಲ, ಸೇರಿಸಿದೆ. ಹೀಗೆ ಕಂಪನಿಯ ಖರ್ಚಿನಲ್ಲಿ ಮೈಸೂರು ಜಿಲ್ಲೆಯ ತಾಲ್ಲೂಕುಗಳನ್ನು ತಿದ್ದುತ್ತಾ ಕೂತಿದ್ದು ನನ್ನ ಕೆಲಸದ ಜೀವನದಲ್ಲೇ ಅತ್ಯಂತ ಖುಷಿ ಕೊಟ್ಟ ದಿನಗಳು. ಊರು ಕಡ್ಡಾಯವಾಗಿರಲಿ ಅಂದೆ. ಪ್ರಾಡಕ್ಟ್ ಮ್ಯಾನೇಜರಿಗೂ ಅದೇ ಬೇಕಿತ್ತು. ಪುಟದ ಮೇಲ್ಭಾಗದಲ್ಲಿ ಒಂದು ಪಟ್ಟಿ, ನಿಮ್ಮ ಪ್ರೊಫೈಲ್ ಇಷ್ಟು ಪರ್ಸೆಂಟ್ ಪೂರ್ಣ ಅಂತ. ಎಲ್ಲರದ್ದೂ ಹಸಿರಾಗಬೇಕು, ಅದು ಅವರ ಟಾರ್ಗೆಟ್ಟು.

ನಮ್ಮ ಮಹಡಿಯಲ್ಲಿ ಎಚ್.ಡಿ. ಕೋಟೆ ಕಡೆಯ ಹುಡುಗನೊಬ್ಬನಿದ್ದ. ಹುಡುಗ ಅಂದರೆ ನನಗಿಂತ ಎರಡು ಮೂರು ವರ್ಷ ಚಿಕ್ಕವನು, ಕೆಲಸದಲ್ಲಿ ನನಗಿಂತ ಚುರುಕು. ಪರಿಚಯವಾದದ್ದು ಹುಟ್ಟುಹಬ್ಬದಿಂದ. ಹಳೆಯ ಡೈರೆಕ್ಟರಿಯಲ್ಲಿ ಇವತ್ತು ಯಾರ ಬರ್ತ್‌ಡೇ ಅಂತ ಬರುತ್ತಿತ್ತು. ಜೂನ್ 1ರಂದು ತೆರೆದು ನೋಡಿ, ಹಳ್ಳಿಯಿಂದ ಬಂದವರೆಲ್ಲ ಒಟ್ಟಿಗೆ ಸಿಗುತ್ತಾರೆ. ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಯಾವುದು ಅಂದರೆ ಅವ್ವಂದಿರು 'ಮಾರಿಹಬ್ಬ ಕಳ್ದು ಎಂಟ್ ದಿನಕ್ಕೆ' ಅನ್ನುತ್ತಿದ್ದರು. ಮೇಷ್ಟ್ರು ಲೆಕ್ಕ ಹಾಕಿ ಜೂನ್ 1 ಅಂತ ಬರೆದುಕೊಳ್ಳುತ್ತಿದ್ದರು. ನನ್ನದೂ ಜೂನ್ 1, ಅವನದೂ ಜೂನ್ 1. ಕೇಕ್ ಕತ್ತರಿಸುವಾಗ ಇಬ್ಬರೂ ಮುಖ ನೋಡಿಕೊಂಡು ನಕ್ಕಿದ್ದೆವು, ಅಲ್ಲಿಂದ ಸ್ನೇಹ.

ಪುಟ ಎಲ್ಲರಿಗೂ ಬಿಟ್ಟ ಮೂರನೇ ದಿನ ಅವನು ಮೆಸೇಜ್ ಮಾಡಿದ. 'ಗುರು, ಆ ಊರಿನ್ ಫೀಲ್ಡಿನ ಸ್ಟಾರ್ ತೆಗೀತೀಯಾ?'

ಯಾಕೆ, ನಿಮ್ಮೂರು ಲಿಸ್ಟಲ್ಲಿ ಇಲ್ವಾ ಅಂತ ಕೇಳಿದೆ. ಇದೆ ಅಂದ. ಮತ್ತೇನು ಕಷ್ಟ ಅಂದೆ. ಟೈಪಿಂಗ್ ಅಂತ ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಆಮೇಲೆ 'ಟೀಗೆ ಬಾ' ಅಂದ.

ಆಫೀಸ್ ಹಿಂದಿನ ಗಾಡಿಯ ಹತ್ತಿರ ನಿಂತು ಹೇಳಿದ. 'ನಿನ್ ಪುಟ ಬಂದ್ಮೇಲೆ ಇಬ್ರು ಪಿಂಗ್ ಮಾಡಿದ್ರು. ಓ, ಕೋಟೆ ಕಡೆಯವ್ರಾ, ನಾವೂ ಅದೇ ಕಡೆ ಅಂತ. ಎಷ್ಟೋ ವರ್ಷದಿಂದ ಒಟ್ಟಿಗೆ ಊಟಕ್ಕೆ ಹೋಗೋರು. ಊರ್ ಹೇಳ್ದೆ. ಅದಾದ್ಮೇಲೆ ಇನ್ನೊಂದ್ ಪ್ರಶ್ನೆ ಬರುತ್ತಲ್ಲ, ಯಾರ್ ಮನೆ, ಊರೊಳಗಾ ಹೊರಗಾ ಅಂತ. ಬಂತು. ನಂಗೆ ಇಲ್ಲೀತನಕ ಅದಿರ್ಲಿಲ್ಲ ಗುರು. ಇಲ್ಲಿ ನಾನು ಜಾವಾ ಬರೆಯೋನು ಅಷ್ಟೇ ಆಗಿದ್ದೆ.'

ನಾನು ಏನೋ ಹೇಳಲು ಹೋದೆ. ಕಂಪನಿಯಲ್ಲಿ ಹಾಗೆಲ್ಲ ಯಾರೂ, ಅಂತ. ಅವನು ನಗುತ್ತಲೇ ತಡೆದ. 'ನೀನೂ ಕೇಳಿದ್ದೆ. ಮೊದಲ್ನೇ ಜೂನ್ ಒಂದಕ್ಕೆ. ಕೇಕ್ ತಿಂತಾ. ನಾನು ಮಾತು ಬದಲಾಯಿಸ್ದೆ, ನಿಂಗೆ ನೆನಪಿರಲ್ಲ.'

ನೆನಪಿರಲಿಲ್ಲ. ಆದರೆ ಕೇಳಿರುತ್ತೇನೆ ಅಂತ ಆ ಕ್ಷಣ ಖಾತ್ರಿಯಾಯಿತು. ನಮ್ಮ ಕಡೆ ಅದು ಪ್ರಶ್ನೆಯೇ ಅಲ್ಲ, ಉಸಿರಾಟ. ಬಸ್‌ಸ್ಟ್ಯಾಂಡಿನಲ್ಲಿ ಪಕ್ಕ ಕೂತವರನ್ನು ಯಾವೂರು, ಯಾರ ಪೈಕಿ ಅಂತ ಕೇಳದೆ ಹುಣಸೂರು ದಾಟಿದವರಿಲ್ಲ. ಕೇಳುವವನು ಹೊಂದಿಕೊಳ್ಳಲು ನೆಂಟಸ್ತಿಕೆ ಹುಡುಕುತ್ತಿದ್ದೇನೆ ಅಂದುಕೊಂಡಿರುತ್ತಾನೆ. ಕೇಳಿಸಿಕೊಂಡವನಿಗೆ ಅದು ಬೇರೆ ಥರ ಕೇಳಿಸುತ್ತದೆ. ಅಪ್ಪನ ಹೆಸರಿನ ಕೊನೆಗೆ ಒಂದು ಗೌಡ ಇರುವ ನನಗೆ ಊರು ಹೇಳಲು ಎಂದೂ ಅಂಜಿಕೆಯಾಗಿಲ್ಲ. ಊರು ಹೇಳಿದರೆ ಕುರ್ಚಿ ಸಿಗುತ್ತದೆ, ಕಾಪಿ ಸಿಗುತ್ತದೆ. ಅದಕ್ಕೇ ನಕ್ಷತ್ರ ಹಾಕುವಾಗ ಕೈ ನಡುಗಲಿಲ್ಲ. ಹತ್ತು ವರ್ಷ ತಪ್ಪು ಹೆಸರಿನಲ್ಲಿ ಬದುಕಿದ್ದೇನೆ, ಫಾರಂ ಮಾಡುವವರ ದಡ್ಡತನ ನನಗೆ ಚೆನ್ನಾಗಿ ಗೊತ್ತು ಅಂತ ಬೀಗುತ್ತಿದ್ದವನು ನಾನು. ಅವತ್ತು ಆ ಎಚ್‌ಆರ್ ಹುಡುಗಿಯ ಮೇಲೆ ಇದ್ದ ಸಿಟ್ಟು ಪೂರ್ತಿ ಹೋಯಿತು.

ಟೀ ಲೋಟ ಇಟ್ಟು, ಸ್ಟಾರ್ ತೆಗೀತೀನಿ ಅಂದೆ. ಅವನು, 'ಬರೀ ಸ್ಟಾರ್ ತೆಗೆದ್ರೆ ಆಗಲ್ಲ' ಅಂದ. 'ಖಾಲಿ ಬಿಟ್ಟೋರ್ದು ಮಾತ್ರ ಕೆಂಪು ಕಾಣುತ್ತೆ. ಖಾಲಿ ಯಾಕೆ ಬಿಟ್ಟ ಅಂತ ಅದ್ಕೂ ಒಂದು ಅರ್ಥ ಹುಡುಕ್ತಾರೆ.' ಈ ಮಾತು ಯಾವ ಡಿಸೈನ್ ರಿವ್ಯೂನಲ್ಲೂ ಬಂದಿರಲಿಲ್ಲ.

ಬದಲಾಯಿಸಲು ಹದಿನೈದು ದಿನ ಜಗಳವಾಡಬೇಕಾಯಿತು. ಪರ್ಸೆಂಟಿನ ಪಟ್ಟಿ ತೆಗೆಯಲು ಪ್ರಾಡಕ್ಟಿನವರು ಸುತರಾಂ ಒಪ್ಪಲಿಲ್ಲ. ಕಾರಣ ಬಿಡಿಸಿ ಹೇಳಲು ನನಗೆ ಆಗುತ್ತಿರಲಿಲ್ಲ, ಹೇಳಿದರೆ ಅವನ ವಿಷಯ ಹೇಳಿದಂತಾಗುತ್ತಿತ್ತು. ಕೊನೆಗೆ ಕೈಹಿಡಿದದ್ದು ಕಾನೂನು. ಆ ಆಗಸ್ಟಿನಲ್ಲಷ್ಟೇ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪಾಸಾಗಿತ್ತು. ಲೀಗಲ್‌ನವರು ಹೊಸ ಹುರುಪಿನಲ್ಲಿ ಪ್ರತಿ ಫೀಲ್ಡಿನ ಮುಂದೆ 'ಇದು ಕಂಪನಿಗೆ ಯಾಕೆ ಬೇಕು' ಅಂತ ಬರೆಯಿರಿ ಅಂದರು. ಊರಿನ ಮುಂದೆ ಬರೆಯಲು ಯಾರ ಹತ್ತಿರವೂ ಏನೂ ಇರಲಿಲ್ಲ. ನಾನು ಸುಮ್ಮನೆ ಕೂತೆ. ನನ್ನ ಖುಷಿಗೆ ಬೇಕು ಅಂತ ಬರೆಯಲಾಗುತ್ತದೆಯೇ?

ಕೊನೆಗೆ ಆದದ್ದು ಹೀಗೆ. ಪಟ್ಟಿ ಹೋಯಿತು. ಊರು, ಹುಟ್ಟಿದ ದಿನ, ಓದಿದ ಶಾಲೆ ಇಂಥವೆಲ್ಲ ಪುಟದ ಮೇಲೆ ಇರುವುದೇ ಇಲ್ಲ. ಬೇಕಾದವರು ಒಂದು ಬಟನ್ ಒತ್ತಿ ತಾವೇ ಸೇರಿಸಿಕೊಳ್ಳಬೇಕು. ಸೇರಿಸಿದರೂ ಯಾರಿಗೆ ಕಾಣಬೇಕು ಅನ್ನುವುದನ್ನು ಆರಿಸಬಹುದು: ನನಗೆ ಮಾತ್ರ, ನನ್ನ ಟೀಮಿಗೆ, ಎಲ್ಲರಿಗೂ. ಸುಮ್ಮನೆ ಬಿಟ್ಟರೆ 'ನನಗೆ ಮಾತ್ರ'. ಸೇರಿಸದಿದ್ದರೆ ಖಾಲಿ ಜಾಗವೂ ಕಾಣುವುದಿಲ್ಲ. ಮೊದಲೇ ತುಂಬಿದ್ದವರ ಡೇಟಾವನ್ನೂ ಅಳಿಸಿದೆವು. ಅಳಿಸುವ ಸ್ಕ್ರಿಪ್ಟನ್ನು ಅವನೇ ರಿವ್ಯೂ ಮಾಡಿದ. ಒಂದು ಕಮೆಂಟನ್ನೂ ಹಾಕದೆ ಅಪ್ರೂವ್ ಮಾಡಿದ. ಆದರೆ ಆ ಇಬ್ಬರಿಗೆ ಗೊತ್ತಾದದ್ದನ್ನು ಯಾವ ಸ್ಕ್ರಿಪ್ಟೂ ಅಳಿಸುವುದಿಲ್ಲ. ಊಟಕ್ಕೆ ಅವನು ಈಗ ಬೇರೆ ಗುಂಪಿನ ಜೊತೆ ಹೋಗುತ್ತಾನೆ. ಕೆಲವು ಸಲ ನನ್ನ ಜೊತೆ. ನಾವು ಊರಿನ ಮಾತು ಆಡುವುದಿಲ್ಲ, ಅವನಾಗಿಯೇ ತೆಗೆದರೆ ಆಡುತ್ತೇವೆ. ಕಬಿನಿಯಲ್ಲಿ ನೀರೆಷ್ಟಿದೆ, ಈ ಸಲ ಆನೆ ಎಲ್ಲಿ ಇಳಿದಿದೆ, ಇಂಥದ್ದು.

ಇಷ್ಟೆಲ್ಲ ಆದ ಮೇಲೆ ಮೊದಲನೇ ಫೀಲ್ಡು ಉಳಿದಿತ್ತು. 'ನನ್ನನ್ನು ಹೀಗೆ ಕರೆಯಿರಿ'. ಎಲ್ಲರಿಗೂ ಬಿಡುವ ಮುಂಚೆ ಯಾರಾದರೂ ಒಬ್ಬರ ಮೇಲೆ ಪರೀಕ್ಷೆ ಮಾಡಬೇಕು, ನನ್ನ ಮೇಲೇ ಮಾಡಿಕೊಂಡೆ. ಡಿಸ್‌ಪ್ಲೇ ನೇಮ್ ಜಾಗದಿಂದ ಅಪ್ಪನ ಹೆಸರು ತೆಗೆದು ನನ್ನ ಹೆಸರು ಹಾಕಿದೆ. ಸೇವ್ ಆಯಿತು. ಮೇಲ್‌ನಲ್ಲಿ, ಚಾಟ್‌ನಲ್ಲಿ ಎಲ್ಲಾ ಕಡೆ ಬದಲಾಯಿತು. ಮಾರನೇ ದಿನ ಬೆಳಗ್ಗೆ ತೆರೆದು ನೋಡಿದರೆ ಅಪ್ಪ ವಾಪಸ್ ಬಂದಿದ್ದಾರೆ. ರಾತ್ರಿ ಎಚ್‌ಆರ್ ಸಿಸ್ಟಮ್ಮಿನಿಂದ ಡೈರೆಕ್ಟರಿಗೆ ಸಿಂಕ್ ಆಗುವ ಜಾಬ್ ಒಂದಿದೆ, ಅದರ ಪ್ರಕಾರ ಎಚ್‌ಆರ್‌ನಲ್ಲಿ ಇರುವುದೇ ಸತ್ಯ, ನಾವು ತಿದ್ದಿದ್ದೆಲ್ಲ ಸುಳ್ಳು. ಮತ್ತೆ ತಿದ್ದಿದೆ, ಮತ್ತೆ ರಾತ್ರಿ ಬಂದರು. ಮೂರು ದಿನ ಹೀಗೇ ಆಯಿತು. ನಿಜ ಹೇಳಬೇಕೆಂದರೆ ತಪ್ಪು ಎಲ್ಲಿದೆ ಅಂತ ಮೊದಲ ದಿನವೇ ಗೊತ್ತಾಗಿತ್ತು. ಇಂಥ ಫೀಲ್ಡುಗಳ ಒಡೆತನ ಎಚ್‌ಆರ್‌ನಿಂದ ಬಿಡಿಸಿ ನೌಕರನಿಗೆ ಕೊಡಬೇಕು, ಸಿಂಕ್ ಅದನ್ನು ಮುಟ್ಟಬಾರದು. ಹತ್ತು ಸಾಲಿನ ಕೆಲಸ. ಮೂರು ದಿನ ಮಾಡದೆ ಇದ್ದೆ.

ನಾಲ್ಕನೇ ದಿನ ಮಾಡಿದೆ. ಅದರ ಜೊತೆ ಹಳೆಯ ಹೆಸರುಗಳ ಒಂದು ಅಲಿಯಾಸ್ ಪಟ್ಟಿಯನ್ನೂ ಇಟ್ಟೆ. ಪುಟದಲ್ಲಿ ಕಾಣುವುದಿಲ್ಲ, ಹುಡುಕಾಟಕ್ಕೆ ಮಾತ್ರ. ಹತ್ತು ವರ್ಷದ ಹಳೇ ಮೇಲ್ ನೋಡಿಕೊಂಡು ಯಾರಾದರೂ ಅಪ್ಪನ ಹೆಸರು ಹೊಡೆದರೆ ನನ್ನ ಪುಟ ಬರಬೇಕಲ್ಲ. ಟೆಕ್ನಿಕಲ್ ಆಗಿ ಸರಿಯಾದ ಕಾರಣವೇ ಅದು.

ಮ್ಯಾನೇಜರಿಗೆ ಒಂದು ಸಾಲಿನ ಮೇಲ್ ಬರೆದು ತಿಳಿಸಿದೆ. ಅವನಿಗೆ ತುಂಬಾ ಮುಜುಗರವಾಯಿತು, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂದ. ಮುಂದಿನ ಮೀಟಿಂಗಿನಲ್ಲಿ ನನ್ನ ಹೆಸರನ್ನು ತಡವರಿಸುತ್ತಾ ಸರಿಯಾಗೇ ಹೇಳಿದ. ನಾನು ಓಗೊಡಲಿಲ್ಲ. ಮ್ಯೂಟ್‌ನಲ್ಲಿದ್ದೀಯಾ ಅಂತ ಇನ್ನೊಬ್ಬರು ಕೇಳಿದ ಮೇಲೇ ಕರೆದದ್ದು ನನ್ನನ್ನು ಅಂತ ಗೊತ್ತಾದದ್ದು.

ಪೌತಿ ಖಾತೆಯೂ ಆ ತಿಂಗಳೇ ಆಯಿತು. ಹೊಸ ಪಹಣಿಯ ಪ್ರಿಂಟ್ ತೆಗೆಸಿ ಅವ್ವನಿಗೆ ಓದಿ ಹೇಳಿದೆ. ಅವಳ ಹೆಸರು, ಕೋಂ, ಲೇಟ್, ಆಮೇಲೆ ಅಪ್ಪನ ಹೆಸರು. ನಾನು ಆ ಹೆಸರು ಓದುವಾಗ ಅವ್ವ ಸೆರಗು ಸರಿಮಾಡಿಕೊಂಡಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು:

'ಅವ್ನು ಈಗ್ಲೂ ಹಂಗೇ ಕೂಗ್ತಾನಾ, ಆ ಅಮೆರಿಕದೋನು?'

'ಇಲ್ಲ ಕಣವ್ವ. ಸರಿ ಮಾಡ್ದೆ.'

'ನಿನ್ ಹೆಸ್ರೇ ಕರೀತಾನಾ?'

'ಹೂಂ.'

ಅವ್ವ ಪಹಣಿಯನ್ನು ಮಡಿಚಿ ಕವರಿಗೆ ಹಾಕಿದಳು. 'ಕೂಗೋರೇ ಯಾರೂ ಇಲ್ದಂಗಾಯ್ತಲ್ಲ ಮಗ' ಅಂದು ಎದ್ದು, ಮುದ್ದೆಗೆ ನೀರಿಡಲು ಒಳಗೆ ಹೋದಳು.